ಸಾಮ್ರಾಜ್ಯದಿಂದ ಬೇರ್ಪಡುವ ಪ್ರಶ್ನೆಯೂ ಶ್ರೀರಂಗಪಟ್ಟಣದ ಸಾಹಿತ್ಯವೂ

ಒಂದು ನಾಡು ತಾನು ಅಂಗವಾಗಿದ್ದ ದೊಡ್ಡ ರಾಜ್ಯಕೂಟವನ್ನು ಬಿಟ್ಟು ಬೇರೆಯಾಗುವುದು ಯುಕ್ತವೇ, ಅಯುಕ್ತವೇ ಎಂಬ ಪ್ರಶ್ನೆಯನ್ನು ರಾಜನೀತಿಜ್ಞರು ತಮ್ಮ ಸೊತ್ತೆಂದೇ ಭಾವಿಸುವುದುಂಟು. ಆದರೆ ಹಾಗೆ ಬೇರ್ಪಟ್ಟವನು ದ್ರೋಹಿಯೋ ಸ್ವತಂತ್ರನೋ ಎಂಬ ನಿರ್ಣಯವನ್ನು ಕಡೆಗೆ ಜನರ ಮನಸ್ಸಿನಲ್ಲಿ ನೆಲೆಗೊಳಿಸುವವರು ಕವಿಗಳೂ ಕಥೆ ಹೇಳುವವರೂ ಆಗಿರುವುದರಿಂದ, ಸಾಹಿತ್ಯವಿಮರ್ಶೆಗೂ ಈ ವಿಷಯದಲ್ಲಿ ಹಕ್ಕುಂಟು. ಮಂಡ್ಯ ಜಿಲ್ಲೆಯ ವಾಚಕರು ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. 1610ರಲ್ಲಿ ಶ್ರೀರಂಗಪಟ್ಟಣವು ಕೈಬದಲಾದ ಸಂಗತಿಯೇ ಅಂಥದೊಂದು ನಿದರ್ಶನವಾಗಿದೆ.

ಸಂಗತಿಯ ಸಾರಾಂಶವಿಷ್ಟು: 1565ರ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರವು ಮುರಿದುಬಿದ್ದರೂ ಸಾಮ್ರಾಜ್ಯವೆಂಬುದು ಹೆಸರಿನಲ್ಲಿಯೂ ಗೌರವದಲ್ಲಿಯೂ ಪೆನುಕೊಂಡೆ ಚಂದ್ರಗಿರಿಗಳಲ್ಲಿ ಉಳಿದಿತ್ತು. ವೆಂಕಟಪತಿರಾಯನ ಅಣ್ಣನ ಮಗನಾದ ತಿರುಮಲನು ರಾಯಪ್ರತಿನಿಧಿಯಾಗಿ ಶ್ರೀರಂಗಪಟ್ಟಣದಲ್ಲಿದ್ದನು. ಮೈಸೂರಿನ ರಾಜ ಒಡೆಯರು ಆ ಪ್ರತಿನಿಧಿಗೆ ಅಧೀನರಾಗಿದ್ದವರು. 1610ರಲ್ಲಿ ತಿರುಮಲನು ತಲಕಾಡಿನ ಕಡೆಗೆ ಹೊರಟುಹೋದನು. ಶ್ರೀರಂಗಪಟ್ಟಣವು ರಾಜ ಒಡೆಯರ ವಶವಾಯಿತು.

ಇದು ನಡೆದುದು ಹೇಗೆ ಎಂಬ ವಿಷಯದಲ್ಲಿ ಮಾತ್ರ ಮೂರು ಬಗೆಯ ಹೇಳಿಕೆಗಳಿವೆ. ಒಡೆಯರು ಯುದ್ಧಮಾಡಿ ಗೆದ್ದರೆಂಬುದು ಒಂದು. ಬೆನ್ನುಫಣಿಯ ವ್ಯಾಧಿಯಿಂದ ನರಳುತ್ತಿದ್ದ ತಿರುಮಲನು ಪಟ್ಟಣವನ್ನು ತಾನಾಗಿ ಒಪ್ಪಿಸಿಹೋದನೆಂಬುದು ಎರಡನೆಯದು. ವೆಂಕಟಪತಿರಾಯನೇ 1612ರಲ್ಲಿ ದಾನಶಾಸನದ ಮೂಲಕ ಶ್ರೀರಂಗಪಟ್ಟಣವನ್ನೂ ಉಮ್ಮತ್ತೂರನ್ನೂ ಒಡೆಯರಿಗೆ ಅನುಗ್ರಹಿಸಿದನೆಂಬುದು ಮೂರನೆಯದು. ಇಷ್ಟೊಂದು ಭಿನ್ನವಾದ ಹೇಳಿಕೆಗಳು ಸಮಕಾಲೀನರಿಗೂ ಬಿಡಿಸಲಾಗದ ಯಾವುದೋ ಗೂಢವಾದ ಒಳಸಂಚನ್ನು ಸೂಚಿಸುತ್ತವೆಂದು ಕರ್ನಲ್ ವಿಲ್ಕ್ಸ್ ತನ್ನ ಇತಿಹಾಸಗ್ರಂಥದಲ್ಲಿ ಅಭಿಪ್ರಾಯಪಟ್ಟನು. ಚರಿತ್ರಕಾರನಿಗೆ ಇವು ಒಂದನ್ನೊಂದು ಬಾಧಿಸುವ ಸಾಕ್ಷ್ಯಗಳು. ವಿಮರ್ಶಕನಿಗಾದರೋ ಇವು ಮೂರು ವಾದಗಳು. ಗೆದ್ದನೆಂಬಲ್ಲಿ ಬಲವೇ ಪ್ರಮಾಣ. ಒಪ್ಪಿಸಿದನೆಂಬಲ್ಲಿ ಪರಸ್ಪರ ಸಮ್ಮತಿಯೇ ಪ್ರಮಾಣ. ಅನುಗ್ರಹಿಸಿದನೆಂಬಲ್ಲಿ ಸಾಮ್ರಾಜ್ಯದ ಮುದ್ರೆಯೇ ಪ್ರಮಾಣ. ಬಿಟ್ಟುಹೋಗುವವನು ತಾನು ಬಿಡುತ್ತಿರುವ ಕೂಟದಿಂದಲೇ ಅನುಜ್ಞೆಯನ್ನು ಪಡೆಯಬೇಕೆಂಬ ಹಂಬಲವು ಈ ಮೂರನೆಯ ವಾದದಲ್ಲಿ ಸ್ಪಷ್ಟವಾಗಿದೆ.

ಈ ಪ್ರಸಂಗವನ್ನು ವಿಸ್ತಾರವಾಗಿ ಬಣ್ಣಿಸಿದ ಕನ್ನಡ ಗ್ರಂಥವು ತಿರುಮಲಾರ್ಯನ ‘ಚಿಕದೇವರಾಜ ವಂಶಾವಳಿ’. ಚಿಕದೇವರಾಜ ಒಡೆಯರ ಮಂತ್ರಿಯಾಗಿದ್ದ ಈ ಪಂಡಿತನ ಗದ್ಯವು ಕನ್ನಡಕ್ಕೆ ಭೂಷಣವೆಂಬುದರಲ್ಲಿ ಸಂದೇಹವಿಲ್ಲ. ಸಂಭಾಷಣೆಗಳಲ್ಲಿ ಬಳಕೆಯ ಮಾತಿನ ಚುರುಕೂ, ಕೇಸರೆಯ ಕದನದಂತಹ ಸ್ಥಳಗಳಲ್ಲಿ ಕಥನದ ವೇಗವೂ ಇಂದಿಗೂ ಓದುಗನನ್ನು ಹಿಡಿದು ನಿಲ್ಲಿಸುತ್ತವೆ. ಆದರೆ ಗ್ರಂಥದ ವಾದವು ಅದರ ಶೈಲಿಯಷ್ಟು ಗಟ್ಟಿಯಾದುದಲ್ಲ. ತಿರುಮಲನು ಮಧುರೆಯ ದಂಡಯಾತ್ರೆಯಲ್ಲಿ ರಾಯನಿಗೆ ಎರಡು ಬಗೆದವನು. ರಾಜ ಒಡೆಯರ ಏಳಿಗೆಯನ್ನು ಸಹಿಸದೆ ಅವರಿಗೆ ಕೇಡನ್ನು ಯೋಚಿಸಿದವನು. ಆದುದರಿಂದ ಅವನನ್ನು ತೊಲಗಿಸಿದುದು ಧರ್ಮವೇ ಹೊರತು ದ್ರೋಹವಲ್ಲವೆಂಬುದು ಗ್ರಂಥದ ಇಂಗಿತ. ಆಗಲಿ. ಆದರೆ ರಾಯನ ಮೇಲಣ ನಿಷ್ಠೆಯೇ ಇಲ್ಲಿ ಕಾರಣವಾಗಿದ್ದ ಪಕ್ಷದಲ್ಲಿ, ಅದೇ ನಿಷ್ಠೆಯಿಂದ ಪಟ್ಟಣವನ್ನು ರಾಯನಿಗೆ ಹಿಂದಕ್ಕೆ ಒಪ್ಪಿಸಬೇಕಾಗಿತ್ತಲ್ಲವೇ? ಪ್ರತಿನಿಧಿಯ ದೋಷವು ಪ್ರತಿನಿಧಿಯನ್ನು ಬದಲಿಸುವುದಕ್ಕೆ ಕಾರಣವಾದೀತು. ರಾಜ್ಯಕೂಟವನ್ನೇ ಬಿಡುವುದಕ್ಕೆ ಬೇರೆ ಕಾರಣವು ಬೇಕು. ತಿರುಮಲಾರ್ಯನು ಮೊದಲನೆಯದನ್ನು ಸಾಧಿಸಿ, ಎರಡನೆಯದೂ ಸಾಧಿತವಾಯಿತೆಂದು ಮುಂದಕ್ಕೆ ಹೋಗುತ್ತಾನೆ. ಇದು ಆಸ್ಥಾನಪಂಡಿತನ ದಾಕ್ಷಿಣ್ಯವೆಂದು ಕ್ಷಮಿಸಬಹುದಾದರೂ ಕೃತಿಗೆ ಒದಗಿದ ನಷ್ಟವು ಕಡಮೆಯದಲ್ಲ. ಪ್ರತಿಪಕ್ಷದವನಿಗೆ ಬಾಯಿ ಕೊಡದ ವಾದವು ಗೆದ್ದರೂ ಗೆದ್ದಂತೆ ತೋರುವುದಿಲ್ಲ.

ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ವು ವಾದಕ್ಕೇ ಹೋಗುವುದಿಲ್ಲ. 1648ರಲ್ಲಿ ಸಾಂಗತ್ಯದಲ್ಲಿ ರಚಿತವಾದ ಈ ಕಾವ್ಯದ ಸೊಗಸಾದ ಭಾಗವೆಂದರೆ ಶ್ರೀರಂಗಪಟ್ಟಣದ ಮಹಾನವಮಿಯ ವರ್ಣನೆ. ವಿಜಯನಗರದ ಆ ಉತ್ಸವವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನಡೆಯಿಸಲಾರಂಭಿಸಿದರು. ಸಾಮ್ರಾಜ್ಯವನ್ನು ಬಿಟ್ಟವರು ಸಾಮ್ರಾಜ್ಯದ ಹಬ್ಬವನ್ನು ಬಿಡಲಿಲ್ಲ! ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಕಂಠೀರಾಯಿ ಹಣವೆಂಬ ಸ್ವಂತ ನಾಣ್ಯವೂ ಹೊರಬಂದಿತು. ಆದರೂ ಆ ನಾಣ್ಯದಷ್ಟೇ, ಬಹುಶಃ ಅದಕ್ಕಿಂತಲೂ ಹೆಚ್ಚಾಗಿ, ಹಳೆಯ ಹಬ್ಬವೇ ಹೊಸ ರಾಜ್ಯಕ್ಕೆ ಗೌರವವನ್ನು ತಂದಿತೆಂಬುದನ್ನು ಗೋವಿಂದವೈದ್ಯನು, ಹೇಳಬೇಕೆಂದು ಹೇಳದೆಯೇ, ತೋರಿಸಿಕೊಟ್ಟಿದ್ದಾನೆ. ಬೇರ್ಪಡುವವರು ಏನನ್ನು ಬಿಡುತ್ತಾರೆ ಎಂಬುದಕ್ಕಿಂತ ಏನನ್ನು ಹೊತ್ತುಕೊಂಡು ಹೋಗುತ್ತಾರೆ ಎಂಬುದು ಹೆಚ್ಚು ಮುಖ್ಯವೆಂಬ ತಿಳಿವಳಿಕೆಯು ಈ ಕಾವ್ಯದಲ್ಲಿ ಅಡಗಿದೆ.

ಎದುರುಪಕ್ಷದ ಮಾತನ್ನು ಕೇಳಬೇಕಾದರೆ ಕೆಳದಿಯ ಕಡೆಗೆ ತಿರುಗಬೇಕು. ರಾಜ್ಯವನ್ನು ಕಳೆದುಕೊಂಡು ಅಲೆಯುತ್ತಿದ್ದ ಶ್ರೀರಂಗರಾಯನಿಗೆ ಶಿವಪ್ಪನಾಯಕನು ಆಶ್ರಯವಿತ್ತು, ಅವನ ಪಕ್ಷವನ್ನು ವಹಿಸಿ 1659ರ ಸುಮಾರಿನಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದನು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಲ್ಲಿ ನಾಯಕನು ರಾಯಸಂಸ್ಥಾನದ ರಕ್ಷಕನಾಗಿ ಕಾಣಿಸಿಕೊಳ್ಳುತ್ತಾನೆ. ಅಂದರೆ, ಮೈಸೂರಿನ ಕವಿಗೆ ಸ್ವಾತಂತ್ರ್ಯವಾಗಿದ್ದುದು ಕೆಳದಿಯ ಕವಿಗೆ ತೀರದ ಋಣವಾಗಿತ್ತು. ಕೆಳದಿಯೂ ಅದೇ ಸಾಮ್ರಾಜ್ಯದ ಆಶ್ರಯದಲ್ಲಿ ಬೆಳೆದು ತನ್ನ ಕಾಲಮೇಲೆ ನಿಂತ ನಾಡೆಂಬುದನ್ನು ನೆನೆದರೆ, ಎರಡು ಆಸ್ಥಾನಗಳ ಅಳತೆಗೋಲುಗಳೂ ತಮತಮಗೆ ಅನುಕೂಲವಾದುವೇ ಎಂದು ಗೊತ್ತಾಗುತ್ತದೆ.

ಆಸ್ಥಾನದವರು ಬಿಟ್ಟುದನ್ನು ಜನರ ಬಾಯಿ ಬಿಡಲಿಲ್ಲ. ಅಲಮೇಲಮ್ಮನ ಶಾಪದ ಕಥೆಯು ಯಾವ ಮನೆಯಲ್ಲಿ ತಿಳಿಯದು? ರಂಗನಾಯಕಿಯಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳನ್ನು ಕೇಳಿಕೊಂಡು ಬಂದವರಿಗೆ ಬೆದರಿ, ಮಾಲಂಗಿಯ ಬಳಿ ಕಾವೇರಿಗೆ ಹಾರಿದ ಆ ಹೆಂಗಸಿನ ಬಾಯಲ್ಲಿ ಜನರು ಸೋತವರ ಇಡೀ ಅಹವಾಲನ್ನು ಇಟ್ಟಿದ್ದಾರೆ. ಕಥೆಯು ಚರಿತ್ರೆಯಲ್ಲವೆನ್ನಬಹುದು, ಆದರೆ ತಿರುಮಲಾರ್ಯನು ಕೊಡದ ಉತ್ತರಪಕ್ಷವನ್ನು ಅದು ಕೊಟ್ಟಿದೆ. ಅರಮನೆಯಲ್ಲಿಯೇ ಆಕೆಯ ಪ್ರತಿಮೆಗೆ ಪೂಜೆ ಸಲ್ಲುವ ಪದ್ಧತಿಯು ಬಂದುದನ್ನು ನೋಡಿದರೆ, ಗೆದ್ದವರ ಮನಸ್ಸನ್ನೂ ಆ ಪ್ರಶ್ನೆಯು ಕಾಡುತ್ತಿದ್ದಿತೆಂದು ತೋರುತ್ತದೆ. ಮೇಲುಕೋಟೆಯ ಚೆಲುವನಾರಾಯಣನಿಗೆ ರಾಜ ಒಡೆಯರು ಅರ್ಪಿಸಿದ ರಾಜಮುಡಿಯು ಇಂದಿನ ಪಾಂಡವಪುರ ತಾಲ್ಲೂಕಿನಲ್ಲಿ ಅವರ ಭಕ್ತಿಗೆ ಸಾಕ್ಷಿಯಾಗಿ ನಿಂತಿದೆ. ಅಲಮೇಲಮ್ಮನ ಕಥೆಯು ಅದೇ ರಾಜರ ಮೇಲಣ ದೂರಿಗೆ ಸಾಕ್ಷಿಯಾಗಿದೆ. ಎರಡನ್ನೂ ಒಟ್ಟಿಗೆ ಉಳಿಸಿಕೊಂಡಿರುವ ಜನರ ನ್ಯಾಯಬುದ್ಧಿಯನ್ನು ಮೆಚ್ಚಬೇಕಾಗಿದೆ.

ಇಷ್ಟಾದರೂ ಒಂದು ಪಕ್ಷವು ಯಾವ ಗ್ರಂಥದಲ್ಲಿಯೂ ಮಾತನಾಡಿಲ್ಲ. ನಾಗಮಂಗಲವು ಚನ್ನಪಟ್ಟಣದ ಜಗದೇವರಾಯನ ಸಂಸ್ಥಾನಕ್ಕೆ ಸೇರಿತ್ತು. ಶತ್ರುಗಳು ಪೆನುಕೊಂಡೆಯನ್ನು ಮುತ್ತಿದಾಗ ಕೋಟೆಯನ್ನು ಕಾದು, ಅದಕ್ಕೆ ಪ್ರತಿಫಲವಾಗಿ ರಾಯನಿಂದ ಸೀಮೆಯನ್ನು ಪಡೆದ ಮನೆತನವದು. 1630ರಲ್ಲಿ ಚನ್ನಪಟ್ಟಣದೊಡನೆ ನಾಗಮಂಗಲವೂ ಮೈಸೂರಿಗೆ ಸೇರಿತು. ಸಾಮ್ರಾಜ್ಯವನ್ನು ಬಿಟ್ಟ ಮೈಸೂರು ಇಪ್ಪತ್ತೇ ವರ್ಷಗಳಲ್ಲಿ ತಾನೇ ದೊಡ್ಡ ಕೂಟವಾಗಿ ಬೆಳೆಯತೊಡಗಿತ್ತು. ನಾಗಮಂಗಲದ ಒಕ್ಕಲನ್ನಾಗಲಿ, 1891ರವರೆಗೆ ಅತ್ತಿಕುಪ್ಪೆಯೆನಿಸಿದ್ದ ಕೃಷ್ಣರಾಜಪೇಟೆಯ ಕಡೆಯ ಒಕ್ಕಲನ್ನಾಗಲಿ, ನೀನು ಯಾರಿಗೆ ಕಂದಾಯ ಕೊಡಬಯಸುವೆ ಎಂದು ಕೇಳಿದವರಿಲ್ಲ. ಕೇಳಿದಂತೆ ಕಲ್ಪಿಸಿದ ಕವಿಯೂ ಇಲ್ಲ. ಅಂದಿನ ಕಾಲದಲ್ಲಿ ಕೇಳುವ ಪದ್ಧತಿಯೇ ಇರಲಿಲ್ಲವೆಂಬುದು ಸರಿಯಾದ ಸಮಾಧಾನವೇ. ಆದರೆ ಇಂದು ಆ ಕಾಲವನ್ನು ಕುರಿತು ಬರೆಯುವವರಿಗೆ ಆ ಸಮಾಧಾನವು ಸಲ್ಲದು.

ಏಕೆಂದರೆ ಕೇಳುವ ಪದ್ಧತಿಯು ಈಗ ಲೋಕದಲ್ಲಿ ಬಂದಿದೆ. ಬ್ರಿಟನ್ನಿನ ಸಂಯುಕ್ತರಾಜ್ಯವನ್ನು ಬಿಡಬೇಕೇ ಬೇಡವೇ ಎಂದು 2014ನೆಯ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಜನರನ್ನೇ ಕೇಳಲಾಯಿತು. ಹದಿನಾರು ವರ್ಷ ತುಂಬಿದವರಿಗೂ ಮತವಿದ್ದಿತು. ಶೇಕಡ 55ರಷ್ಟು ಮಂದಿ ಬೇಡವೆಂದರು. ಶೇಕಡ 45ರಷ್ಟು ಮಂದಿ ಬೇಕೆಂದರು. ಬಿಡಬೇಕೆಂದವರೂ ರಾಣಿಯನ್ನು ಉಳಿಸಿಕೊಳ್ಳುತ್ತೇವೆ, ಪೌಂಡ್ ನಾಣ್ಯವನ್ನು ಉಳಿಸಿಕೊಳ್ಳುತ್ತೇವೆ ಎಂದರು. ಆ ನಾಣ್ಯದ ಮೇಲೆಯೇ ಚರ್ಚೆಯು ಬಹಳ ಬಿಸಿಯಾಯಿತು. ಮಹಾನವಮಿಯನ್ನು ಹೊತ್ತು ಬಂದ ಶ್ರೀರಂಗಪಟ್ಟಣವನ್ನೂ ಕಂಠೀರಾಯಿ ಹಣವನ್ನೂ ಬಲ್ಲ ಓದುಗನಿಗೆ ಇದರಲ್ಲಿ ಆಶ್ಚರ್ಯವಿರದು. ವ್ಯತ್ಯಾಸವೊಂದೇ: ಅಲ್ಲಿ ಎರಡು ಪಕ್ಷಗಳೂ ತಮ್ಮ ಕಾರಣಗಳನ್ನು ಎದುರುಪಕ್ಷದವರ ಮುಂದೆಯೇ ಹೇಳಬೇಕಾಯಿತು, ಸೋತವರು ಶಾಪವನ್ನು ಆಶ್ರಯಿಸಬೇಕಾಗಲಿಲ್ಲ.

ರಾಜ ಒಡೆಯರ ಕಾಲವನ್ನು ನಾಟಕವಾಗಿಯೋ ಕಾದಂಬರಿಯಾಗಿಯೋ ಬರೆಯಲೆಳಸುವವರಿಗೆ ಸಾಮಗ್ರಿಯ ಕೊರತೆಯಿಲ್ಲ. ತಿರುಮಲಾರ್ಯನ ಗದ್ಯವಿದೆ, ಗೋವಿಂದವೈದ್ಯನ ಹಬ್ಬವಿದೆ, ಲಿಂಗಣ್ಣನ ಪ್ರತಿವಾದವಿದೆ, ಜನರ ಶಾಪದ ಕಥೆಯಿದೆ. ತಿರುಮಲನಿಗೆ ಅವನ ಅತ್ಯುತ್ತಮವಾದ ವಾದವನ್ನು ಕೊಟ್ಟು, ಅದನ್ನು ರಾಜ ಒಡೆಯರ ಬಾಯಿಂದ ಅತ್ಯುತ್ತಮವಾಗಿ ಖಂಡಿಸಿ, ಇಬ್ಬರ ಮಾತನ್ನೂ ಕಂದಾಯ ಕೊಡುವ ಒಕ್ಕಲಿನ ಕಿವಿಗೆ ಬೀಳಿಸುವ ಕೃತಿಯು ಮಾತ್ರ ಇನ್ನೂ ಬರಬೇಕಾಗಿದೆ. ಅಂತಹ ಕೃತಿಯು ಬಂದ ದಿನ, 1610ರಲ್ಲಿ ನಡೆಯದೆ ಹೋದ ಚರ್ಚೆಯು ಕನ್ನಡದಲ್ಲಿ ನಡೆದಂತಾಗುವುದು.