ಖಾಲಿ ಕಚೇರಿಯ ಕಂಪ್ಯೂಟರ್, ಕೃಷ್ಣೆಯ ದಡದ ಕಲ್ಲಿದ್ದಲು

ಕರ್ನಾಟಕ ಬಹುಕಾಲ ನೀರಿನ ಬಲದಿಂದಲೇ ದೀಪ ಹಚ್ಚಿಕೊಂಡ ರಾಜ್ಯ. 1902ರ ಶಿವನಸಮುದ್ರದಿಂದ ಶರಾವತಿಯವರೆಗೆ ವಿದ್ಯುತ್ತಿಗೆ ನದಿಗಳನ್ನೇ ನಂಬಿಕೊಂಡಿತ್ತು. ಈ ಲೆಕ್ಕ ಬದಲಾದದ್ದು 1985ರಲ್ಲಿ. ರಾಯಚೂರಿನ ಉತ್ತರಕ್ಕೆ, ದೇವಸೂಗೂರಿನ ಮಗ್ಗುಲಲ್ಲಿ, ಕೃಷ್ಣಾ ನದಿಯ ದಡದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಆ ವರ್ಷ ಚಾಲೂ ಆಯಿತು. ಅದರ ಸುತ್ತ ಬೆಳೆದ ಊರೇ ಶಕ್ತಿನಗರ. ಜನರ ಬಾಯಲ್ಲಿ ‘ಆರ್‌ಟಿಪಿಎಸ್’ ಆಗಿರುವ ಈ ಕೇಂದ್ರದಲ್ಲಿ ಈಗ 210 ಮೆಗಾವಾಟ್‌ನ ಏಳು ಘಟಕಗಳೂ 250 ಮೆಗಾವಾಟ್‌ನ ಒಂದು ಘಟಕವೂ ಇವೆ. ಒಟ್ಟು ಸಾಮರ್ಥ್ಯ 1,720 ಮೆಗಾವಾಟ್.

ಇಲ್ಲಿಗೆ ಕಲ್ಲಿದ್ದಲು ಬರುವುದು ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ, ರೈಲು ವ್ಯಾಗನ್ನುಗಳಲ್ಲಿ. ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬೂದಿಯೇ. ಇಂಥ ಘಟಕಗಳು ಉತ್ಪಾದಿಸಿದ್ದರಲ್ಲಿ ಶೇ 8–9ರಷ್ಟು ಅವುಗಳದೇ ಪಂಪು, ಫ್ಯಾನು, ಕಲ್ಲಿದ್ದಲು ಅರೆಯುವ ಮಿಲ್ಲುಗಳಿಗೆ ಖರ್ಚಾಗುತ್ತದೆ. ಮುಂದೆ ತಂತಿಗಳಲ್ಲಿ ಇನ್ನೊಂದಿಷ್ಟು ಸೋರಿಹೋಗುತ್ತದೆ. ಹಾಗಾಗಿ ಮೇಜಿನ ಮೇಲೆ ಉಳಿಸಿದ ಒಂದು ಯೂನಿಟ್, ಶಕ್ತಿನಗರದಲ್ಲಿ ಒಂದು ಯೂನಿಟ್ಟಿಗಿಂತ ಹೆಚ್ಚಿನ ಉಳಿತಾಯ.

ಕಚೇರಿಗಳ ಕಂಪ್ಯೂಟರ್ ಬಳಕೆಯಲ್ಲಿ ವಿದ್ಯುತ್ ಉಳಿಸುವ ಪದ್ಧತಿ ನಮ್ಮಲ್ಲಿ ಎಷ್ಟರಮಟ್ಟಿಗೆ ಪದ್ಧತಿಯಾಗಿದೆ? ಶಕ್ತಿನಗರದ ಕಡೆಯಿಂದ ನೋಡಿದರೆ ಈ ಪ್ರಶ್ನೆಗೆ ತೂಕ ಬರುತ್ತದೆ.

ಸರ್ಕಾರಿ ಕೆಲಸಕ್ಕೆ ಕಂಪ್ಯೂಟರ್ ತಂದು ಹೆಸರು ಮಾಡಿದ ರಾಜ್ಯ ಕರ್ನಾಟಕ. 2000ದ ಹೊತ್ತಿಗೆ ಬಂದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ದೇವದುರ್ಗವಾಗಲಿ ಮಾನ್ವಿಯಾಗಲಿ, ರೈತ ತಾಲ್ಲೂಕು ಕಚೇರಿಯ ಕೌಂಟರಿಗೆ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ಬಳಿಕ ಹೋಬಳಿ ಮಟ್ಟದ ನಾಡಕಚೇರಿಗಳು ಗಣಕೀಕೃತವಾದವು. 2022ರಲ್ಲಿ ಗ್ರಾಮ ಒನ್ ಹಳ್ಳಿಗೇ ಬಂತು. ಇವುಗಳಿಂದ ಜನರ ಅಲೆದಾಟ ತಗ್ಗಿದೆ. ಅದು ದೊಡ್ಡ ಗಳಿಕೆ. ಆದರೆ ಪ್ರತಿ ಹೊಸ ಕೌಂಟರಿನ ಜೊತೆ ಕಂಪ್ಯೂಟರ್, ಪ್ರಿಂಟರ್, ಯುಪಿಎಸ್ ಬಂದವು, ಬಿಸಿಲ ನಾಡಿನಲ್ಲಿ ಎಷ್ಟೋ ಕಡೆ ಎ.ಸಿ.ಯೂ ಬಂತು. ಸೇವೆಗೆ ಎಷ್ಟು ನಿಮಿಷ ಹಿಡಿಯಿತು ಎಂದು ಕೇಳುವವರಿದ್ದಾರೆ, ಎಷ್ಟು ಯೂನಿಟ್ ಹಿಡಿಯಿತು ಎಂದು ಕೇಳುವವರು ಅಪರೂಪ.

ಲೆಕ್ಕ ಕಷ್ಟದ್ದಲ್ಲ. ಕೆಲಸವಿಲ್ಲದೆ ಸುಮ್ಮನೆ ಚಾಲೂ ಇರುವ ಡೆಸ್ಕ್‌ಟಾಪ್ 50 ವಾಟ್ ಎಳೆಯುತ್ತದೆ ಎಂದುಕೊಳ್ಳೋಣ. ವರ್ಷದಲ್ಲಿ 250 ಕೆಲಸದ ದಿನ, ದಿನಕ್ಕೆ ಎಂಟು ಗಂಟೆಯ ಕೆಲಸ ಎಂದು ಹಿಡಿದರೆ ಕಚೇರಿ ಮುಚ್ಚಿರುವ ಅವಧಿ 6,760 ಗಂಟೆ. ಅಷ್ಟೂ ಹೊತ್ತು ಆ ಯಂತ್ರ ಉರಿದರೆ 338 ಯೂನಿಟ್. ಎರಡು ವಾಟ್ ಸಾಕಾಗುವ ಸ್ಲೀಪ್ ಸ್ಥಿತಿಗೆ ಜಾರಿದರೆ ಸುಮಾರು 14 ಯೂನಿಟ್. ಉಳಿತಾಯ 324 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ ಎರಡೂವರೆ ಸಾವಿರ ರೂಪಾಯಿಗೂ ಮಿಕ್ಕಿದ್ದು. ನೂರು ಕಂಪ್ಯೂಟರಿನ ಕಚೇರಿಯಲ್ಲಿ ಇದು 32 ಸಾವಿರ ಯೂನಿಟ್ ದಾಟುತ್ತದೆ. ಅಷ್ಟನ್ನೂ ಕಲ್ಲಿದ್ದಲಿನಿಂದಲೇ ತೆಗೆಯುವುದಾದರೆ 16 ಟನ್ನಿಗೂ ಹೆಚ್ಚು ಸುಡಬೇಕು. ಯಾರೂ ಕೂರದ ಕುರ್ಚಿಗಳ ಮುಂದೆ ಒಂದೇ ವರ್ಷದಲ್ಲಿ ಆಗುವ ಖರ್ಚು ಇದು.

ಇದರಲ್ಲಿ ಹೊತ್ತಿನ ಪ್ರಶ್ನೆಯೂ ಇದೆ. ಪಾವಗಡದ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ 2019ರ ಕೊನೆಗೆ ಪೂರ್ಣವಾದ ಮೇಲೆ ರಾಜ್ಯದ ವಿದ್ಯುತ್ತಿನ ದಿನಚರಿಯೇ ಬೇರೆಯಾಗಿದೆ. ಬಿಸಿಲು ಏರಿದಾಗ ಶಕ್ತಿನಗರದ ಘಟಕಗಳ ಉತ್ಪಾದನೆ ತಗ್ಗಿಸುವುದು, ಮಳೆಗಾಲದಲ್ಲಿ ಕೆಲವನ್ನು ನಿಲ್ಲಿಸಿಯೇ ಬಿಡುವುದು ಈಗ ಮಾಮೂಲು. ಸೂರ್ಯ ಮುಳುಗಿದ ಮೇಲೆ ಹೊರೆ ಮತ್ತೆ ಕಲ್ಲಿದ್ದಲು, ನೀರು, ಗಾಳಿಯ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಜಲಾಶಯ ಬತ್ತಿ, ಗಾಳಿಯೂ ಕ್ಷೀಣಿಸಿದಾಗ ಉಳಿಯುವ ಆಸರೆ ಶಾಖೋತ್ಪನ್ನ ಕೇಂದ್ರಗಳೇ. ರಾತ್ರಿಯಿಡೀ ಉರಿಯುವ ಖಾಲಿ ಕಚೇರಿಯ ಕಂಪ್ಯೂಟರ್ ಸರಿಯಾಗಿ ಆ ಹೊತ್ತಿನ ವಿದ್ಯುತ್ತನ್ನೇ ಬೇಡುತ್ತದೆ. ಗೂಗಲ್ ಸಂಸ್ಥೆ 2020ರಲ್ಲಿ ತನ್ನ ಡೇಟಾ ಸೆಂಟರುಗಳ ತುರ್ತಲ್ಲದ ಕೆಲಸಗಳನ್ನು ಬಿಸಿಲು, ಗಾಳಿ ಹೆಚ್ಚಿರುವ ಹೊತ್ತಿಗೆ ಸರಿಸುವ ವ್ಯವಸ್ಥೆ ಮಾಡಿಕೊಂಡಿತು. ಕೇಂದ್ರ ಸರ್ಕಾರವೂ 2023ರಲ್ಲಿ ನಿಯಮ ತಿದ್ದಿ, ಬಿಸಿಲಿನ ಗಂಟೆಗಳ ದರ ಮಾಮೂಲಿಗಿಂತ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು ಎಂದಿತು. ಸಾಫ್ಟ್‌ವೇರ್ ಅಪ್‌ಡೇಟ್, ಬ್ಯಾಕಪ್‌ಗಳನ್ನು ರಾತ್ರಿಗೆ ಇಡುವ ಹಳೆಯ ರೂಢಿಯನ್ನು ನಮ್ಮ ಕಚೇರಿಗಳು ಮರುಪರಿಶೀಲಿಸಬೇಕಾದ ಕಾಲ ಇದು. ಮಧ್ಯಾಹ್ನದ ಊಟದ ಹೊತ್ತು ಅವಕ್ಕೆ ಧಾರಾಳ ಸಾಕು.

ಸದ್ಯ ಚಾಲ್ತಿಯಲ್ಲಿರುವ ಉಪಾಯ ಯಾವುದು? ಗೋಡೆಯ ಚೀಟಿ. ‘ಹೊರಡುವಾಗ ಕಂಪ್ಯೂಟರ್ ಆಫ್ ಮಾಡಿ’ ಎಂಬ ಬರಹ ಎಲ್ಲೆಲ್ಲೂ ಇದೆ. ಈ ಉಪಾಯ ದುರ್ಬಲ, ಅದಕ್ಕೆ ನೌಕರರ ಸೋಮಾರಿತನವನ್ನು ದೂರಿ ಫಲವಿಲ್ಲ. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಒಮ್ಮೆ ಆರಿಸಿದ ಹಳೆಯ ಯಂತ್ರ ಬೆಳಿಗ್ಗೆ ಏಳದಿದ್ದರೆ ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ. ಬೈಸಿಕೊಳ್ಳುವವರು ಕೌಂಟರಿನಲ್ಲಿ ಕೂತವರು. ಉಳಿದ ಹಣ ಅವರ ಕೈಗೆ ಬರುವುದಿಲ್ಲ, ಜೆಸ್ಕಾಂ ಬಿಲ್ ಅವರ ಕಣ್ಣಿಗೂ ಬೀಳುವುದಿಲ್ಲ. ಯಂತ್ರ ಒಬ್ಬರದು, ಬಿಲ್ ಇನ್ನೊಬ್ಬರದು, ಖರೀದಿ ಮತ್ತೊಬ್ಬರದು ಆದಲ್ಲಿ ಮನವಿಯಿಂದ ಏನೂ ಆಗದು. ಸ್ಕ್ರೀನ್ ಸೇವರ್ ಓಡುತ್ತಿದ್ದರೆ ವಿದ್ಯುತ್ ಉಳಿಯುತ್ತದೆ ಎಂಬ ತಪ್ಪು ತಿಳಿವಳಿಕೆಯೂ ಇನ್ನೂ ಹೋಗಿಲ್ಲ. ಚಿತ್ರ ಕುಣಿಯುತ್ತಿರುವ ಪರದೆ ಉರಿಯುತ್ತಿರುವ ಪರದೆಯೇ.

ಕೆಲಸ ಮಾಡುವುದು ಮೊದಲೇ ಹಾಕಿಟ್ಟ ಹೊಂದಿಕೆ. ದೇಶದಲ್ಲಿ ಸ್ಟಾರ್ ಗುರುತಿನ ಕೋಣೆ ಎ.ಸಿ.ಗಳು 2020ರ ಜನವರಿ 1ರಿಂದ 24 ಡಿಗ್ರಿಗೆ ಹೊಂದಿಸಿಕೊಂಡೇ ಬರಬೇಕೆಂದು ನಿಯಮವಾಯಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೊದ ಲೆಕ್ಕ. ತಂಪು ಬೇಕಾದವರು ಇಳಿಸಿಕೊಳ್ಳಬಹುದು, ಆದರೆ ಇಳಿಸುವ ಶ್ರಮ ಅವರದು. ಕಂಪ್ಯೂಟರಿಗೂ ಇದೇ ಬೇಕು: ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಆರಬೇಕು, ಅರ್ಧ ಗಂಟೆಗೆ ಯಂತ್ರ ಸ್ಲೀಪ್‌ಗೆ ಹೋಗಬೇಕು. ಇದನ್ನು ಜಿಲ್ಲೆಯ ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ಜಾರಿ ಮಾಡಲು ಹೊಸ ಸಾಧನವೇನೂ ಬೇಕಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನಲ್ಲೇ ಆ ಸೌಲಭ್ಯವಿದೆ.

ರಾಜ್ಯದ ಸಂಸ್ಥೆಗಳಲ್ಲಿ ಈ ದಿಕ್ಕಿನ ದೊಡ್ಡ ಪ್ರಯೋಗ ಇನ್ಫೊಸಿಸ್‌ನದು. 2008ಕ್ಕೆ ಹೋಲಿಸಿದರೆ ತಲಾ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿದ್ದಾಗಿ ಸಂಸ್ಥೆ ವರದಿ ಮಾಡಿದೆ. ಅದರ ಅತ್ಯುತ್ತಮ ಕೆಲಸ ಕಾಣುವುದು ಹೈದರಾಬಾದಿನ ಪೋಚಾರಂ ಆವರಣದಲ್ಲಿ. 2011ರಲ್ಲಿ ಮುಗಿದ ಅಲ್ಲಿನ ಕಟ್ಟಡವೊಂದನ್ನು ಎರಡು ಸಮಭಾಗ ಮಾಡಿ, ಒಂದಕ್ಕೆ ಮಾಮೂಲಿ ಹವಾನಿಯಂತ್ರಣ, ಇನ್ನೊಂದಕ್ಕೆ ಕಾಂಕ್ರೀಟ್ ಚಪ್ಪಡಿಯೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ಪದ್ಧತಿ ಅಳವಡಿಸಿದರು. ಎರಡನ್ನೂ ಬೇರೆ ಬೇರೆ ಮೀಟರಿನಲ್ಲಿ ಅಳೆದಾಗ ತಂಪಿಗೆ ಬೇಕಾದ ವಿದ್ಯುತ್ ಎರಡನೆಯದರಲ್ಲಿ ಶೇ 34ರಷ್ಟು ಕಡಿಮೆ ಬಂತು. ಒಂದೇ ಸೂರಿನಡಿ, ಒಂದೇ ಬಿಸಿಲಿನಲ್ಲಿ, ಹೋಲಿಸಿ ತೋರಿಸಿದ್ದರಿಂದ ಈ ಫಲಿತಾಂಶವನ್ನು ನಂಬಬಹುದು.

ಅದೇ ಸಂಸ್ಥೆ 2020ರಲ್ಲಿ ಇಂಗಾಲ ತಟಸ್ಥವಾಯಿತು ಎಂದು ಪ್ರಕಟಿಸಿದ್ದನ್ನು ಮಾತ್ರ ಬೇರೆಯಾಗಿ ತೂಗಬೇಕು. ಅದರಲ್ಲಿ ಗ್ರಾಮೀಣ ಮನೆಗಳ ಬಯೋಗ್ಯಾಸ್, ಸುಧಾರಿತ ಒಲೆಗಳಂಥ ಯೋಜನೆಗಳ ಮೂಲಕ ಸರಿದೂಗಿಸಿದ ಪಾಲೂ ಇದೆ. ಆ ಯೋಜನೆಗಳು ಒಳ್ಳೆಯವೇ. ಆದರೆ ಬೇರೆಡೆ ಸರಿದೂಗಿಸಿದ್ದು ಕಚೇರಿಯ ಮೀಟರಿನಲ್ಲಿ ಇಳಿದಂತಲ್ಲ. ಬೇರೆ ಸಂಸ್ಥೆಗಳು ಅನುಕರಿಸಬೇಕಾದದ್ದು ಬಿರುದನ್ನಲ್ಲ, ಬೇರೆ ಬೇರೆ ಮೀಟರ್ ಹಾಕಿ ಅಳೆದ ಶಿಸ್ತನ್ನು.

ತಂಪಿನ ಮಾತು ರಾಯಚೂರಿನಲ್ಲಿ ಇನ್ನೂ ಮುಖ್ಯ. ಕಂಪ್ಯೂಟರ್ ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ; ಎ.ಸಿ. ಇರುವ ಕೋಣೆಯಲ್ಲಿ ಆ ಶಾಖವನ್ನು ಹೊರಹಾಕಲು ಮತ್ತೆ ಅದರ ಮೂರನೇ ಒಂದು ಪಾಲಿನಷ್ಟು ವಿದ್ಯುತ್ ಬೇಕು. ಸರ್ವರ್ ಕೋಣೆಗಳನ್ನು 18 ಡಿಗ್ರಿಯಲ್ಲಿ ಗಡಗಡ ನಡುಗಿಸುವ ಅಭ್ಯಾಸ ಇನ್ನೂ ಇದೆ. ಅಮೆರಿಕದ ತಂಪು ಎಂಜಿನಿಯರುಗಳ ಸಂಘ ಆಶ್ರೇ 2008ರಲ್ಲೇ 27 ಡಿಗ್ರಿಯವರೆಗೆ ತೊಂದರೆಯಿಲ್ಲ ಎಂದು ಮಿತಿ ಏರಿಸಿತ್ತು. ಈ ವಿಷಯದಲ್ಲಿ ಭೂಮಿ ಯೋಜನೆಗೆ ಒಂದು ಹೆಚ್ಚಿನ ಅಂಕ ಸಲ್ಲಬೇಕು: ಮೊದಲು ತಾಲ್ಲೂಕಿಗೊಂದು ಸರ್ವರಿನಲ್ಲಿದ್ದ ಮಾಹಿತಿಯನ್ನು ಮುಂದೆ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿಸಲಾಯಿತು. ಚದುರಿದ ಸರ್ವರುಗಳು ಒಂದೆಡೆ ಸೇರಿದಾಗ ಅರೆಬರೆ ಕೆಲಸದ ಯಂತ್ರಗಳೂ ಅವುಗಳ ಎ.ಸಿ.ಗಳೂ ಕಡಿಮೆಯಾಗುತ್ತವೆ.

ಯುಪಿಎಸ್ ಬ್ಯಾಟರಿಗಳದು ಇನ್ನೊಂದು ಕಥೆ. 25 ಡಿಗ್ರಿಗಿಂತ ಮೇಲೆ ಪ್ರತಿ 8–10 ಡಿಗ್ರಿಗೆ ಸೀಸ–ಆಮ್ಲ ಬ್ಯಾಟರಿಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಮೇ ತಿಂಗಳಲ್ಲಿ ನಲವತ್ತು ದಾಟುವ ಊರಲ್ಲಿ ಅವು ಬೇಗ ಸಾಯುವುದು ಸಹಜ. ಸ್ವಂತ ಬ್ಯಾಟರಿಯಿರುವ, ಡೆಸ್ಕ್‌ಟಾಪಿಗಿಂತ ತೀರಾ ಕಡಿಮೆ ವಿದ್ಯುತ್ ಬೇಡುವ ಲ್ಯಾಪ್‌ಟಾಪ್ ಇಲ್ಲಿ ಹಲವು ಮೇಜುಗಳಿಗೆ ಸರಿಯಾದ ಆಯ್ಕೆ.

ಅಂಥ ಆಯ್ಕೆ ಟೆಂಡರಿನಲ್ಲಿ ಗೆಲ್ಲುವುದು ಕಷ್ಟ. ಖರೀದಿಯ ದಿನದ ಬೆಲೆ ಕಡಿಮೆ ಇದ್ದವರಿಗೇ ಆದೇಶ ಹೋಗುವಾಗ ಮುಂದಿನ ಐದು ವರ್ಷದ ವಿದ್ಯುತ್ ಬಿಲ್ಲು, ಬ್ಯಾಟರಿಯ ಬೆಲೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಮೆರಿಕದ ಪರಿಸರ ಸಂಸ್ಥೆ 1992ರಲ್ಲಿ ಕಂಪ್ಯೂಟರುಗಳಿಗೆ ‘ಎನರ್ಜಿ ಸ್ಟಾರ್’ ಗುರುತು ತಂದಾಗ ಅದು ಸ್ವಯಂಪ್ರೇರಿತ ಕಾರ್ಯಕ್ರಮ. 1993ರಲ್ಲಿ ಅಲ್ಲಿನ ಸರ್ಕಾರ ತನ್ನ ಕಚೇರಿಗಳು ಆ ಗುರುತಿನ ಯಂತ್ರಗಳನ್ನೇ ಕೊಳ್ಳಬೇಕೆಂದು ಆದೇಶಿಸಿತು. ದೊಡ್ಡ ಗಿರಾಕಿ ಕೇಳಿದ ಮೇಲೆ ತಯಾರಕರು ಹಿಂದೆ ನೋಡಲಿಲ್ಲ. ಕರ್ನಾಟಕ ಸರ್ಕಾರವೂ ದೊಡ್ಡ ಗಿರಾಕಿಯೇ.

ಒಟ್ಟಾರೆ, ಕಚೇರಿಗಳ ವಿದ್ಯುತ್ ಉಳಿತಾಯ ನಮ್ಮಲ್ಲಿ ಸದುದ್ದೇಶದ ಹಂತದಲ್ಲೇ ನಿಂತಿದೆ. ಅಳತೆ ಮತ್ತು ಆದೇಶದ ಹಂತಕ್ಕೆ ಬಂದಿಲ್ಲ. ಟೆಂಡರಿನಲ್ಲಿ ಐದು ವರ್ಷದ ವಿದ್ಯುತ್ ವೆಚ್ಚ ಸೇರಿಸುವುದು, ಸ್ಲೀಪ್ ಹೊಂದಿಕೆಯನ್ನು ಒಂದೇ ಕಡೆಯಿಂದ ಜಾರಿ ಮಾಡುವುದು, ಕಂಪ್ಯೂಟರ್ ವಿಭಾಗಕ್ಕೆ ಪ್ರತ್ಯೇಕ ಮೀಟರ್ ಹಾಕುವುದು — ಈ ಮೂರಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಬೂದಿಯನ್ನೂ ಬಿಸಿಲನ್ನೂ ಒಟ್ಟಿಗೆ ಸಹಿಸುವ ರಾಯಚೂರು ಜಿಲ್ಲೆಯಲ್ಲೇ ಇದನ್ನು ಮೊದಲು ಮಾಡಿ, ಒಂದು ವರ್ಷದ ಬಿಲ್ಲುಗಳನ್ನು ಜನರ ಮುಂದಿಡಲು ಜಿಲ್ಲಾಡಳಿತ ಮುಂದಾಗಬೇಕು.