ತಿಳಿನೀರಿನ ಭ್ರಮೆ

ಅಕ್ವೇರಿಯಂ ಕೊಂಡವರಿಗೆ ಅಂಗಡಿಯಲ್ಲಿ ಸಿಗುವ ಉಪದೇಶ ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ತಿಂಗಳಿಗೊಮ್ಮೆ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ನೀರನ್ನೆಲ್ಲ ಖಾಲಿ ಮಾಡಿ, ಕಲ್ಲು, ಗಾಜು, ಫಿಲ್ಟರ್ ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು ಹೊಸ ನೀರು ತುಂಬಿ. ಬೆಂಗಳೂರಿನಲ್ಲಿ ಇದನ್ನೇ ಮಾಡಿಕೊಡಲು ಮನೆಗೆ ಬರುವವರಿದ್ದಾರೆ. ಕಚೇರಿ, ಹೋಟೆಲು, ಆಸ್ಪತ್ರೆಯ ಮೊಗಸಾಲೆಗಳ ತೊಟ್ಟಿಗಳನ್ನೂ ಅವರೇ ನೋಡಿಕೊಳ್ಳುತ್ತಾರೆ. ತೊಳೆದ ದಿನ ತೊಟ್ಟಿ ಥಳಥಳಿಸುತ್ತದೆ. ಎರಡು ಮೂರು ದಿನಕ್ಕೆ ನೀರು ಬೆಳ್ಳಗೆ ಮಸುಕಾಗುತ್ತದೆ. ವಾರ ಕಳೆಯುವುದರೊಳಗೆ ಒಂದೆರಡು ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತವೆ, ಸಾಯುತ್ತವೆ. ಅವುಗಳ ಆಯುಸ್ಸೇ ಅಷ್ಟು ಎಂದುಕೊಂಡು ಮನೆಯವರು ಇನ್ನೊಂದು ಜೋಡಿ ತರುತ್ತಾರೆ. ಗೋಲ್ಡ್‌ಫಿಶ್ ಹತ್ತು ಹದಿನೈದು ವರ್ಷ ಬಾಳಬಲ್ಲ ಮೀನು ಎಂದರೆ ನಂಬುವವರು ಕಡಿಮೆ, ಏಕೆಂದರೆ ಅಷ್ಟು ಕಾಲ ಬದುಕಿದ್ದನ್ನು ನಮ್ಮಲ್ಲಿ ಕಂಡವರೇ ಕಡಿಮೆ.

ಹೀಗೆ ತೊಳೆಯುವವರ ಮನಸ್ಸಿನಲ್ಲಿ ಕೇಡಿಲ್ಲ. ಮೀನಿಗೆ ಒಳ್ಳೆಯದಾಗಲಿ ಎಂದೇ ಅವರು ಮೊಣಕೈವರೆಗೆ ಒದ್ದೆಯಾಗುತ್ತಾರೆ. ಆದರೆ ಪದ್ಧತಿಯ ಬುಡದಲ್ಲೇ ಒಂದು ತಪ್ಪು ತಿಳಿವಳಿಕೆ ಕುಳಿತಿದೆ. ತೊಟ್ಟಿಯ ಆರೋಗ್ಯವನ್ನು ನಾವು ಕಣ್ಣಿನಿಂದ ಅಳೆಯುತ್ತೇವೆ. ಗಾಜು ಸ್ವಚ್ಛವಾಗಿದ್ದರೆ, ನೀರು ತಿಳಿಯಾಗಿದ್ದರೆ ಎಲ್ಲವೂ ಸರಿ ಎನ್ನುತ್ತೇವೆ. ಮೀನನ್ನು ಕೊಲ್ಲುವ ಅಮೋನಿಯಾಕ್ಕೆ ಬಣ್ಣವಿಲ್ಲ, ನೈಟ್ರೈಟಿಗೂ ಇಲ್ಲ. ಅತ್ಯಂತ ತಿಳಿಯಾದ ನೀರು ಅತ್ಯಂತ ವಿಷದ ನೀರೂ ಆಗಿರಬಹುದು. ಮನೆಯ ಅಕ್ವೇರಿಯಂ ನಿರ್ವಹಣೆಯ ಗುಣದೋಷ ನೋಡಬೇಕಾದದ್ದು ಇಲ್ಲಿಂದ ಎಂದು ನನಗನ್ನಿಸುತ್ತದೆ.

ಮೀನು ತನ್ನ ಕಿವಿರಿನ ಮೂಲಕ ಬಿಡುವ ಮುಖ್ಯ ತ್ಯಾಜ್ಯವೇ ಅಮೋನಿಯಾ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆ ಅದಕ್ಕೆ ಕೂಡಿಕೊಳ್ಳುತ್ತವೆ. ಕೆಲವು ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಮತ್ತೆ ಕೆಲವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ, ಮೂರನೆಯದು ಬಹಳ ಹೆಚ್ಚಾಗುವವರೆಗೆ ಅಷ್ಟೇನೂ ಅಪಾಯಕಾರಿಯಲ್ಲ, ಗಿಡಗಳಿಗೆ ಗೊಬ್ಬರವೂ ಹೌದು. ಈ ಜೀವಿಗಳು ನೀರಿನಲ್ಲಿ ತೇಲುತ್ತಿರುವುದು ಅಲ್ಪಸ್ವಲ್ಪ ಮಾತ್ರ. ಅವು ಅಂಟಿಕೊಂಡು ಬೆಳೆಯುವಂಥವು, ಅವುಗಳ ಮುಖ್ಯ ನೆಲೆ ಫಿಲ್ಟರಿನ ಸ್ಪಾಂಜು. ಕೈಗೆ ಲೋಳೆಲೋಳೆ ಎನಿಸುವ ಆ ಕಂದು ಪದರವೇ ತೊಟ್ಟಿಯ ಜೀವಾಳ. ಹೊಸ ತೊಟ್ಟಿಯಲ್ಲಿ ಅದು ಕಟ್ಟಿಕೊಳ್ಳಲು ನಮ್ಮ ಹವೆಯಲ್ಲೂ ನಾಲ್ಕರಿಂದ ಆರು ವಾರ ಬೇಕು. ಕ್ಲೋರಿನ್ ಇರುವ ನಲ್ಲಿನೀರಿನ ಕೆಳಗೆ ಅದನ್ನು ಹಿಂಡಿ ತೊಳೆದುಹಾಕಲು ಎರಡು ನಿಮಿಷ ಸಾಕು.

ಈ ಜೀವಿಗಳ ಬಗ್ಗೆ ತಿಳಿದದ್ದು ಇತ್ತೀಚೆಗೆ ತುಂಬ ಬದಲಾಗಿದೆ. ಎರಡನೆಯ ಹಂತದ ಕೆಲಸ ನೈಟ್ರೊಬ್ಯಾಕ್ಟರ್‌ನದು ಎಂದು ಹಳೆಯ ಕೈಪಿಡಿಗಳು ಬರೆಯುತ್ತಿದ್ದವು. ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸ ಮುಖ್ಯವಾಗಿ ನೈಟ್ರೊಸ್ಪೈರಾದ್ದು ಎಂದು 1998ರಲ್ಲಿ ತಿಮೋತಿ ಹೊವಾನೆಕ್ ಮತ್ತು ಸಂಗಡಿಗರು ತೋರಿಸಿದರು. 2011ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ತಂಡ ಅಕ್ವೇರಿಯಂ ಫಿಲ್ಟರುಗಳನ್ನು ಪರೀಕ್ಷಿಸಿದಾಗ, ಸಿಹಿನೀರಿನ ಬಹುತೇಕ ಫಿಲ್ಟರುಗಳಲ್ಲಿ ಅಮೋನಿಯಾ ತಿನ್ನುವವುಗಳ ಪೈಕಿ ಬ್ಯಾಕ್ಟೀರಿಯಾಗಿಂತ ಆರ್ಕಿಯಾ ಎಂಬ ಬೇರೊಂದು ಬಗೆಯ ಸೂಕ್ಷ್ಮಜೀವಿಗಳೇ ಹೆಚ್ಚಿದ್ದವು. 2015ರಲ್ಲಿ ಎರಡೂ ಹಂತಗಳನ್ನು ಒಂಟಿಯಾಗಿ ಪೂರೈಸುವ ನೈಟ್ರೊಸ್ಪೈರಾ ಸಿಕ್ಕಿತು. ಅದನ್ನು ಕಂಡ ಎರಡು ತಂಡಗಳಲ್ಲಿ ಒಂದಕ್ಕೆ ಅದು ದೊರೆತದ್ದು ಮೀನು ಸಾಕಣೆಯ ಫಿಲ್ಟರಿನಲ್ಲೇ. ಅಂಗೈಯಗಲದ ಸ್ಪಾಂಜಿನಲ್ಲಿ ವಿಜ್ಞಾನಿಗಳು ಇನ್ನೂ ಹೊಸ ಜೀವಿಗಳನ್ನು ಹುಡುಕುತ್ತಿದ್ದಾರೆ. ನಾವು ಅದನ್ನು ಕೊಳೆಯೆಂದು ಬಚ್ಚಲಿಗೆ ಹರಿಸುತ್ತಿದ್ದೇವೆ.

ಹಾಗಾದರೆ ಯಾವ ಫಿಲ್ಟರ್ ಒಳ್ಳೆಯದು? ನನ್ನ ಒಲವು ಸ್ಪಾಂಜ್ ಫಿಲ್ಟರಿನ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಏರ್ ಪಂಪು, ಒಂದು ಕೊಳವೆ, ಒಂದು ರಂಧ್ರಮಯ ಸ್ಪಾಂಜು, ಇಷ್ಟೇ ಅದರ ಯಂತ್ರಾಂಗ. ಮೇಲೇರುವ ಗುಳ್ಳೆಗಳು ನೀರನ್ನು ಸ್ಪಾಂಜಿನ ಮೂಲಕ ಎಳೆಯುತ್ತವೆ, ಗಾಳಿಯೂ ಸಿಗುತ್ತದೆ. ಕೆಡುವ ಭಾಗ ಕಡಿಮೆ, ಮರಿಮೀನು ಸಿಕ್ಕಿಹಾಕಿಕೊಳ್ಳುವುದಿಲ್ಲ, ಬೆಲೆ ಎಲ್ಲಕ್ಕಿಂತ ಅಗ್ಗ. ನೋಡಲು ಚಂದವಿಲ್ಲ ಎಂಬುದು ಅದರ ಮೇಲಿನ ದೊಡ್ಡ ದೂರು, ಆ ದೂರು ನಿಜವೇ. ತೇಲುವ ಸಣ್ಣ ಕಣಗಳನ್ನು ಹಿಡಿಯುವುದರಲ್ಲೂ ಅದು ಹಿಂದೆ. ಬೀರುವಿನೊಳಗೆ ಬಚ್ಚಿಡುವ ಕ್ಯಾನಿಸ್ಟರ್ ಫಿಲ್ಟರ್ ಈ ಎರಡು ವಿಷಯಗಳಲ್ಲಿ ಬಹಳ ಮುಂದಿದೆ. ದೊಡ್ಡ ತೊಟ್ಟಿಗೆ, ಹೆಚ್ಚು ತಿಂದು ಹೆಚ್ಚು ಹೊಲಸು ಮಾಡುವ ಸಿಕ್ಲಿಡ್, ಗೋಲ್ಡ್‌ಫಿಶ್‌ಗಳಿಗೆ ಅದು ತಕ್ಕುದು. ಆದರೆ ಅದು ಮುಚ್ಚಿದ ಡಬ್ಬಿ. ಗಂಟೆಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಒಳಗಿನ ಜೀವಿಗಳು ಇದ್ದಷ್ಟು ಆಮ್ಲಜನಕವನ್ನು ಬಳಸಿ ಮುಗಿಸಿ ಉಸಿರುಗಟ್ಟಿ ಸಾಯುತ್ತವೆ, ಕರೆಂಟು ಬಂದೊಡನೆ ಆ ಕೊಳಕು ನೀರು ನೇರ ತೊಟ್ಟಿಗೆ ಸುರಿಯುತ್ತದೆ. ಸ್ಪಾಂಜು ತೊಟ್ಟಿಯ ನೀರಿನಲ್ಲೇ ಇರುವುದರಿಂದ ಅದಕ್ಕೆ ಈ ಗಂಡಾಂತರ ಅಷ್ಟಾಗಿ ಇಲ್ಲ. ಬ್ಯಾಟರಿಯ ಸಣ್ಣ ಪಂಪಿನಿಂದಲೂ ಅದು ನಡೆಯುತ್ತದೆ.

ನನ್ನ ದೊಡ್ಡ ತಕರಾರು ಇರುವುದು ತೊಟ್ಟಿಯ ಹಿಂಬದಿಗೆ ನೇತುಹಾಕುವ ಫಿಲ್ಟರುಗಳ ಕಾರ್ಟ್ರಿಜ್ ವ್ಯವಸ್ಥೆಯ ಬಗ್ಗೆ. ಯಂತ್ರ ಒಳ್ಳೆಯದೇ. ಆದರೆ ಕಾರ್ಬನ್ ತುಂಬಿದ ಕಾರ್ಟ್ರಿಜನ್ನು ತಿಂಗಳಿಗೊಮ್ಮೆ ಎಸೆದು ಹೊಸದು ಹಾಕಿ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ. ಕಟ್ಟಿಕೊಂಡ ಜೀವಪದರವನ್ನು ತಿಂಗಳಿಗೊಮ್ಮೆ ಕಸಕ್ಕೆ ಹಾಕಿ ಎಂದೇ ಅದರ ಅರ್ಥ. ಔಷಧ ಹಾಕಿದ ನೀರನ್ನು ಶುದ್ಧ ಮಾಡಲು ಕಾರ್ಬನ್ ಬೇಕು, ದಿನನಿತ್ಯಕ್ಕೆ ಬೇಕಿಲ್ಲ. ಆ ಜಾಗದಲ್ಲಿ ಒಂದು ಸ್ಪಾಂಜಿನ ತುಂಡು ತುರುಕಿ, ನೀರಿನ ಹರಿವು ಕುಗ್ಗಿದಾಗ ಮಾತ್ರ ಅದನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ಹಿಂಡಿದರೆ ವರ್ಷಗಟ್ಟಲೆ ಬರುತ್ತದೆ. ಮಾರುವವರಿಗೆ ಇದರಿಂದ ಲಾಭವಿಲ್ಲ ಎಂಬ ಕಾರಣಕ್ಕೇ ಈ ಮಾತು ಪೆಟ್ಟಿಗೆಯ ಮೇಲೆ ಬರುವುದಿಲ್ಲ ಎಂಬುದು ನನ್ನ ಅನುಮಾನ.

ಪಾಚಿಯ ವಿಷಯಕ್ಕೆ ಬರುವ ಮುನ್ನ 1849ರ ಲಂಡನ್ನಿಗೆ ಹೋಗಬೇಕು. ಅಪಾತಿಕರೀಸ್ ಹಾಲ್‌ನಲ್ಲಿ ರಸಾಯನಜ್ಞರಾಗಿದ್ದ ರಾಬರ್ಟ್ ವಾರಿಂಗ್ಟನ್ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ನಮ್ಮ ಹೊಳೆ ಕೆರೆಗಳಲ್ಲೂ ಬೆಳೆಯುವ ವ್ಯಾಲಿಸ್ನೇರಿಯಾ ಗಿಡ ನೆಟ್ಟರು. ಮೀನು ಬಿಟ್ಟದ್ದನ್ನು ಗಿಡ, ಗಿಡ ಬಿಟ್ಟದ್ದನ್ನು ಮೀನು ಬಳಸಿಕೊಂಡು ನೀರು ಬದಲಿಸದೆ ಎರಡೂ ಬದುಕಬಲ್ಲವೇ ಎಂಬುದು ಅವರ ಪ್ರಶ್ನೆ. ಸ್ವಲ್ಪ ಕಾಲದಲ್ಲೇ ಹಳೆಯ ಎಲೆಗಳು ಕೊಳೆತು ನೀರು ರಾಡಿಯಾಯಿತು, ಗಾಜಿನ ಮೇಲೆ ಹಸಿರು ಲೋಳೆ ಹಬ್ಬಿತು. ವಾರಿಂಗ್ಟನ್ ಅದನ್ನು ಉಜ್ಜಿ ತೊಳೆದು ಕೈತೊಳೆದುಕೊಳ್ಳಲಿಲ್ಲ. ಕೊಳದಲ್ಲಿ ಆ ಕೊಳೆತ ಎಲೆಗಳನ್ನು ತಿನ್ನುವವರು ಯಾರು ಎಂದು ಕೇಳಿ, ಕೆಲವು ಕೊಳದ ಬಸವನಹುಳುಗಳನ್ನು ತಂದು ಬಿಟ್ಟರು. ನೀರು ತಿಳಿಯಾಯಿತು. ಮರುವರ್ಷ ಅವರು ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಆ ಪುಟ್ಟ ಬರಹ ಮನೆಯ ಅಕ್ವೇರಿಯಂನ ಬುನಾದಿ. ಪಾಚಿಯ ಮೊದಲ ಕಾಟಕ್ಕೆ ಸಿಕ್ಕ ಮೊದಲ ಉತ್ತರ ಔಷಧವಾಗಿರಲಿಲ್ಲ, ಅಲ್ಲಿ ಇಲ್ಲದಿದ್ದ ಒಂದು ಜೀವಿಯಾಗಿತ್ತು. ನೂರೆಪ್ಪತ್ತು ವರ್ಷ ಕಳೆದರೂ ಇದಕ್ಕಿಂತ ಹದವಾದ ವಿಧಾನ ನಾನು ಕಂಡಿಲ್ಲ.

ಇಂದಿನ ಅಂಗಡಿ ಕೊಡುವ ಉತ್ತರ ಬಾಟಲಿಯದು. ತಾಮ್ರ ಇರುವ ಪಾಚಿನಾಶಕ ಪಾಚಿಯ ಜೊತೆಗೆ ಬಸವನಹುಳು, ಸೀಗಡಿಗಳನ್ನೂ ಕೊಲ್ಲುತ್ತದೆ. ದ್ರವ ಕಾರ್ಬನ್ ಎಂದು ಮಾರುವ ಬಾಟಲಿಗಳಲ್ಲಿ ಬಹಳಷ್ಟರಲ್ಲಿ ಇರುವುದು ಆಸ್ಪತ್ರೆಯ ಉಪಕರಣಗಳ ಸೋಂಕು ತೆಗೆಯಲು ಬಳಸುವ ಗ್ಲುಟರಾಲ್ಡಿಹೈಡ್. ಕಪ್ಪು ಗಡ್ಡದಂಥ ಪಾಚಿಯನ್ನು ಅದು ಸುಡುತ್ತದೆ ನಿಜ, ವ್ಯಾಲಿಸ್ನೇರಿಯಾವನ್ನೂ ಕರಗಿಸಬಹುದು. ನೀಲಿಹಸಿರು ಲೋಳೆಗೆ ಎರಿತ್ರೊಮೈಸಿನ್ ಮಾತ್ರೆ ಹಾಕುವವರೂ ಇದ್ದಾರೆ. ಆ ಲೋಳೆ ನಿಜಕ್ಕೂ ಸಯನೊಬ್ಯಾಕ್ಟೀರಿಯಾ ಆದ್ದರಿಂದ ಮಾತ್ರೆ ಕೆಲಸ ಮಾಡುತ್ತದೆ. ಆದರೆ ಮನುಷ್ಯರಿಗೆ ಬೇಕಾದ ಆ್ಯಂಟಿಬಯಾಟಿಕನ್ನು ಗಾಜಿನ ಅಂದಕ್ಕಾಗಿ ಚರಂಡಿಗೆ ಬಿಡುವುದನ್ನು ಒಪ್ಪಲು ನನಗೆ ಸಾಧ್ಯವಿಲ್ಲ.

ಪಾಚಿ ಬಂದಾಗ ಅದನ್ನು ಗುರುತಿಸುವುದು ಮೊದಲ ಕೆಲಸ. ಹೊಸ ತೊಟ್ಟಿಯಲ್ಲಿ ಕಂದು ಧೂಳಿನಂತೆ ಕೂರುವುದು ಡಯಾಟಮ್. ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ನೀರೇ ಹಸಿರಾದರೆ ತೇಲುವ ಏಕಕೋಶ ಪಾಚಿ. ಇದೊಂದಕ್ಕೆ ಯುವಿ ದೀಪ ನಿಜವಾಗಿ ಉಪಯುಕ್ತ, ಗಾಜಿಗೆ ಅಂಟಿದ್ದಕ್ಕೆ ಅದರಿಂದ ಏನೂ ಆಗುವುದಿಲ್ಲ. ಎಳೆಎಳೆಯಾಗಿ ಬೆಳೆಯುವ ಪಾಚಿ ಸಾಮಾನ್ಯವಾಗಿ ಅತಿಬೆಳಕಿನ ಗುರುತು. ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ಸರಿಸಿ, ದೀಪವನ್ನು ದಿನಕ್ಕೆ ಆರರಿಂದ ಎಂಟು ಗಂಟೆಗೆ ಟೈಮರಿನಲ್ಲಿ ಕಟ್ಟಿ, ಆಹಾರ ಕಡಿಮೆ ಮಾಡಿ, ವಾರಕ್ಕೆ ಕಾಲುಭಾಗ ನೀರನ್ನು ಕ್ಲೋರಿನ್ ತೆಗೆದು ಬದಲಿಸಿದರೆ ಹೆಚ್ಚಿನ ತೊಟ್ಟಿಗಳಲ್ಲಿ ಪಾಚಿ ಹತೋಟಿಗೆ ಬರುತ್ತದೆ. ಗಮನಿಸಿ: ಪೂರ್ತಿ ತೊಳೆಯುವ ಪದ್ಧತಿ ಪಾಚಿಯನ್ನು ಹೆಚ್ಚಿಸುತ್ತದೆ. ಫಿಲ್ಟರಿನ ಜೀವ ಸತ್ತಾಗ ಅಮೋನಿಯಾ ಏರುತ್ತದೆ, ಬರಿಗಾಜಿನ ಮೇಲೆ ಪೈಪೋಟಿ ಕೊಡುವವರು ಯಾರೂ ಇರುವುದಿಲ್ಲ, ಪಾಚಿ ಮೊದಲು ಬಂದು ಜಾಗ ಹಿಡಿಯುತ್ತದೆ.

ಬೋರ್‌ವೆಲ್ಲಿನ ಗಡಸು ನೀರು ಬಳಸುವವರು ಇನ್ನೊಂದನ್ನು ತಿಳಿದಿರಬೇಕು. ಅಂಥ ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚು, ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದಲ್ಲಿ ವಿಷರೂಪದ ಪಾಲು ಸುಮಾರು ಹತ್ತುಪಟ್ಟಾಗುತ್ತದೆ. ಒಂದೇ ತಪ್ಪು ಮೆದುನೀರಿನಲ್ಲಿ ದಾಟಿಹೋಗಬಹುದು, ಗಡಸು ನೀರಿನಲ್ಲಿ ಮೀನಿನ ಜೀವ ತೆಗೆಯುತ್ತದೆ.

ಪಾಚಿಯಿಲ್ಲದ ತೊಟ್ಟಿಯ ಕನಸನ್ನು ಜಗತ್ತಿಗೆ ಹಂಚಿದವರು ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ. 1954ರಲ್ಲಿ ಹುಟ್ಟಿದ ಅವರು 1982ರಲ್ಲಿ ಅಕ್ವಾ ಡಿಸೈನ್ ಅಮಾನೊ ಕಂಪನಿ ಕಟ್ಟಿದರು. 2015ರಲ್ಲಿ, ತೀರಿಕೊಂಡ ವರ್ಷವೇ, ಲಿಸ್ಬನ್ನಿನ ಅಕ್ವೇರಿಯಂನಲ್ಲಿ 40 ಮೀಟರ್ ಉದ್ದದ ನೀರೊಳಗಿನ ಕಾಡೊಂದನ್ನು ಮಾಡಿಟ್ಟುಹೋದರು. ಕಲ್ಲು, ಮರದ ಬೇರು, ಹುಲ್ಲುಗಳಿಂದ ಅವರು ಕಟ್ಟಿದ ದೃಶ್ಯಗಳನ್ನು ನಾನು ಕಲೆಯೆಂದೇ ಮೆಚ್ಚುತ್ತೇನೆ. ಪಾಚಿ ತಿನ್ನಲು ಪುಟ್ಟ ಸೀಗಡಿಯನ್ನು ಬಳಕೆಗೆ ತಂದದ್ದೂ ಅವರೇ. ಅದನ್ನು ಇಂದು ಅಮಾನೊ ಸೀಗಡಿ ಎಂದೇ ಕರೆಯುತ್ತಾರೆ. ವಾರಿಂಗ್ಟನ್ನರ ಬಸವನಹುಳುವಿನ ವಂಶದ ಯೋಚನೆ ಅದು. ಆದರೆ ಆ ಚಿತ್ರಗಳ ಹಿಂದೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರು, ಲೆಕ್ಕ ಹಾಕಿದ ಗೊಬ್ಬರ, ಮೇಲಿಂದಮೇಲೆ ನೀರು ಬದಲಾವಣೆ, ಕತ್ತರಿ ಹಿಡಿದ ನುರಿತ ಕೈಗಳಿವೆ, ಚಿತ್ರ ತೆಗೆದದ್ದು ತೊಟ್ಟಿ ಪೂರ್ತಿ ಹದಕ್ಕೆ ಬಂದ ಘಳಿಗೆಯಲ್ಲಿ. ಎರಡು ಅಡಿಯ ತೊಟ್ಟಿ ಕೊಂಡು ಅದೇ ಅಳತೆಗೋಲಿನಿಂದ ನೋಡಿದರೆ ಒಂದು ಹಸಿರು ಚುಕ್ಕೆಯೂ ಸೋಲಿನಂತೆ ಕಾಣುತ್ತದೆ, ಬಾಟಲಿಯ ಕಡೆಗೆ ಕೈ ಹೋಗುತ್ತದೆ.

ಮನೆಯವರಿಗೆ ಹೆಚ್ಚು ಹತ್ತಿರವಾದದ್ದು ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಅವರ ದಾರಿ. ತಳದಲ್ಲಿ ಮಾಮೂಲಿ ಮಣ್ಣು, ಅದರ ಮೇಲೆ ಜಲ್ಲಿ, ಮೊದಲ ದಿನದಿಂದಲೇ ಒತ್ತಾಗಿ ಗಿಡ, ಮೀನು ಕಡಿಮೆ. ಜಲಸಸ್ಯಗಳು ನೈಟ್ರೇಟಿಗಿಂತ ಅಮೋನಿಯಂ ಅನ್ನೇ ಮೊದಲು ಹೀರುತ್ತವೆ, ಆದ್ದರಿಂದ ಗಿಡಗಳೇ ಫಿಲ್ಟರ್ ಎಂಬುದನ್ನು ಅವರು 1999ರ ತಮ್ಮ ಪುಸ್ತಕದಲ್ಲಿ ಸಸ್ಯವಿಜ್ಞಾನದ ಆಧಾರ ಕೊಟ್ಟು ಮಂಡಿಸಿದ್ದಾರೆ. ತೇಲುವ ಗಿಡ ಸೇರಿಸಿದರೆ ಬೆಳಕಿಗೆ ನೆರಳು, ಪಾಚಿಗೆ ಉಪವಾಸ. ಅವರ ವಾದದಲ್ಲಿ ನನಗೆ ಒಪ್ಪಿಗೆಯಾಗದ್ದು ನೀರನ್ನು ತಿಂಗಳುಗಟ್ಟಲೆ ಬದಲಿಸದೆ ಇಡಬಹುದು ಎಂಬ ಧೈರ್ಯ. ನುರಿತವರಿಗೆ ಅದು ಸರಿ. ಮೀನು ಹೆಚ್ಚು ತುಂಬುವುದು, ಮಕ್ಕಳು ಮುಷ್ಟಿಗಟ್ಟಲೆ ಆಹಾರ ಹಾಕುವುದು ನಮ್ಮ ಮನೆಗಳ ವಾಸ್ತವ. ಗಿಡದ ಜೊತೆಗೆ ಒಂದು ಸ್ಪಾಂಜ್ ಫಿಲ್ಟರೂ ವಾರದ ಕಾಲುಭಾಗ ನೀರೂ ಇರಲಿ ಎನ್ನುತ್ತೇನೆ.

ಜೀವಿಯಿಂದ ಪಾಚಿ ಹತೋಟಿ ಎಂಬ ಮಾತೂ ನಮ್ಮಲ್ಲಿ ಅಡ್ಡದಾರಿ ಹಿಡಿದಿದೆ. ಗಾಜು ನೆಕ್ಕುತ್ತದೆ ಎಂದು ಎರಡಂಗುಲದ ಸಕ್ಕರ್ ಮೀನನ್ನು ಕೊಡುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ಒಂದೂವರೆ ಅಡಿಯವರೆಗೆ ಬೆಳೆಯುತ್ತದೆ, ಬೆಳೆದಂತೆ ಪಾಚಿ ಬಿಟ್ಟು ಬೇರೆ ಆಹಾರಕ್ಕೆ ಬೀಳುತ್ತದೆ, ಅದರ ಹಿಕ್ಕೆಯೇ ಪಾಚಿಗೆ ಗೊಬ್ಬರ. ಹಿಡಿಸದಾದಾಗ ಕೆರೆಗೆ ಬಿಡುತ್ತಾರೆ. ಆಂಧ್ರ, ತಮಿಳುನಾಡು, ಕೇರಳ, ಬಂಗಾಳದ ನೀರುಗಳಲ್ಲಿ ಅದು ಈಗ ಬಲೆ ಹರಿಯುವ, ದಡ ಕೊರೆಯುವ ಪಿಡುಗು. ಅತ್ತ ಬಸವನಹುಳು ಹೆಚ್ಚಾಯಿತೆಂದು ಅದನ್ನು ತಿನ್ನಲು ಜೀಬ್ರಾ ಲೋಚ್ ತರುತ್ತಾರೆ. ಹಳದಿ ಕಪ್ಪು ಗೆರೆಗಳ ಈ ಮೀನು ನಮ್ಮ ಪಶ್ಚಿಮಘಟ್ಟದ್ದೇ. 1920ರಲ್ಲಿ ಇದನ್ನು ತುಂಗಾ ನದಿಯಿಂದ ಮೊದಲು ವರ್ಣಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿವಿಜ್ಞಾನಿ ಸಿ. ಆರ್. ನಾರಾಯಣರಾವ್, ಮುಂದೆ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದವರು. ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಗಳಿಂದ ಹಿಡಿಯುವುದೂ ಅದಕ್ಕಿರುವ ಅಪಾಯಗಳಲ್ಲೊಂದು. ಪಾಚಿ ತಿನ್ನಲು ತಾನೇ ಬಂದ ಬಸವನಹುಳುವನ್ನು ಕೊಲ್ಲಿಸಲು ತುಂಗೆಯ ಮೀನನ್ನು ಖರ್ಚು ಮಾಡುವ ಅಗತ್ಯ ಯಾರಿಗೂ ಇಲ್ಲ. ಆಹಾರ ತಗ್ಗಿಸಿದರೆ ಬಸವನಹುಳುಗಳೂ ತಗ್ಗುತ್ತವೆ.

ಅಂಗಡಿಯವರಿಂದ ನಾನು ಕೇಳುವುದು ಒಂದು. ಹೊಸ ತೊಟ್ಟಿ ಮಾರುವಾಗ ಅದರ ಸ್ಪಾಂಜನ್ನು ಒಂದೂವರೆ ತಿಂಗಳು ಮೊದಲೇ ತಮ್ಮ ರೋಗವಿಲ್ಲದ ತೊಟ್ಟಿಯಲ್ಲಿ ಓಡಿಸಿ ಪಳಗಿಸಿ, ಒದ್ದೆಯಾಗಿಯೇ ಗಿರಾಕಿಯ ಕೈಗಿಡಲಿ. ಅದಕ್ಕೆ ಹೆಚ್ಚು ಹಣ ತೆಗೆದುಕೊಳ್ಳಲಿ, ಕೊಡಲು ಜನ ಸಿದ್ಧರಿರುತ್ತಾರೆ. ಜೊತೆಗೆ ಒಂದು ಅಮೋನಿಯಾ ಟೆಸ್ಟ್ ಕಿಟ್ ಕೊಟ್ಟು, ಅದರಲ್ಲಿ ಸೊನ್ನೆ ಕಾಣುವವರೆಗೆ ಎರಡನೆಯ ಜೋಡಿ ಮೀನು ಮಾರದಿರಲಿ.