ಬದಲಿ ಸಾಮಾನು, ಸ್ವಂತ ರುಚಿ

ಅಡಿಗೆಯ ಪುಸ್ತಕವೊಂದನ್ನು ಸಾಹಿತ್ಯದ ಪುಟಕ್ಕೆ ತಂದನಲ್ಲ ಎಂದು ವಾಚಕರು ನಕ್ಕರೆ ನನಗೆ ಬೇಸರವಿಲ್ಲ. ರಸ, ಪಾಕ ಎಂಬ ಮಾತುಗಳನ್ನು ನಮ್ಮ ಆಲಂಕಾರಿಕರು ಅಡಿಗೆಮನೆಯಿಂದಲೇ ಎರವು ತಂದವರಲ್ಲವೆ?

ಮಧುರ್ ಜಾಫ್ರಿಯವರ ‘ಆ್ಯನ್ ಇನ್ವಿಟೇಷನ್ ಟು ಇಂಡಿಯನ್ ಕುಕಿಂಗ್’ 1973ರಲ್ಲಿ ನ್ಯೂಯಾರ್ಕಿನಿಂದ ಹೊರಬಂದ ಗ್ರಂಥ. ದಿಲ್ಲಿಯಲ್ಲಿ ಹುಟ್ಟಿ ಬೆಳೆದ ಈಕೆ 1950ರ ದಶಕದಲ್ಲಿ ಅಭಿನಯ ಕಲಿಯಲು ಲಂಡನ್ನಿಗೆ ಹೋದಾಗ ಅಡಿಗೆ ಬಾರದು. ತಾಯಿ ಕಾಗದದಲ್ಲಿ ಬರೆದು ಕಳುಹಿದ್ದೇ ಪಾಠವಾಯಿತು. ಮನೆಯ ರುಚಿಯನ್ನು ಪರದೇಶದ ಅಂಗಡಿಯಲ್ಲಿ ಸಿಕ್ಕ ಸಾಮಾನಿನಿಂದ ಕಟ್ಟಿಕೊಳ್ಳುವುದು ಹೇಗೆ ಎಂಬುದೇ ಈ ಗ್ರಂಥದ ಜೀವಾಳ. ಆದರೂ ಡಬ್ಬಿಯಲ್ಲಿ ಬರುವ ‘ಕರಿ ಪೌಡರ್’ ಆಕೆಗೆ ಸಮ್ಮತವಿಲ್ಲ. ಬದಲಿ ಇರಬಹುದು, ಎಲ್ಲ ಪದಾರ್ಥಕ್ಕೂ ಒಂದೇ ಬದಲಿ ಸಲ್ಲದು. ಕ್ಷೇಮೇಂದ್ರ ಔಚಿತ್ಯವೆಂದದ್ದು ಇಂಥದನ್ನೇ. ಅನುವಾದಕರೂ ನೆನಪಿಡಬೇಕಾದ ಮಾತಿದು. 1926ರ ‘ಇಂಗ್ಲಿಷ್ ಗೀತಗಳು’ ಇಂದಿಗೂ ಬಾಳುತ್ತಿರುವುದು ಶ್ರೀಯವರು ಪದಕ್ಕೆ ಪದ ತೂಗದೆ, ರುಚಿಗೆ ರುಚಿ ತೂಗಿದ್ದರಿಂದ.

ಇಷ್ಟು ಮೆಚ್ಚಿಯೂ ನನ್ನದೊಂದು ತಕರಾರಿದೆ. ಪುಸ್ತಕದ ಪಾಕಗಳು ಬಹುಪಾಲು ದಿಲ್ಲಿಯ ಕಡೆಯವು. ಅಲ್ಲಿ ನಮ್ಮ ಮುದ್ದೆಯನ್ನು ಹುಡುಕುವುದು ನ್ಯಾಯವಲ್ಲ, ನಿಜ. ಆದರೆ ನಾನು ಹುಡುಕಿದ್ದೇನೆ.

2013ರ ಚಳಿಗಾಲದಲ್ಲಿ ಅಧ್ಯಯನಕ್ಕಾಗಿ ಲಂಡನ್ನಿನಲ್ಲಿದ್ದೆ. ಜೊತೆಗೆ ಬಂದಿದ್ದ ನಮ್ಮ ತಾಯಿ ಜ್ವರ ಬಿಟ್ಟಮೇಲೆ ಬ್ರೆಡ್ಡನ್ನೂ ಅನ್ನವನ್ನೂ ಮುಟ್ಟದೆ, “ಒಂದು ತುತ್ತು ಮುದ್ದೆ ಸಾಕು” ಎಂದರು. ಹತ್ತಿರದ ಭಾರತೀಯ ಅಂಗಡಿಯಲ್ಲಿ ರಾಗಿ ಮುಗಿದಿತ್ತು. ಎರಡು ದಿನ ಅಲೆದೆ. ಕೊನೆಗೆ ಕೆನ್ಯಾದವರೊಬ್ಬರ ಅಂಗಡಿಯ ಮೂಲೆಯಲ್ಲಿ ಕೆಂಗಂದು ಬಣ್ಣದ ಹಿಟ್ಟಿನ ಪೊಟ್ಟಣ ಕಂಡಿತು. ಮೇಲೆ ‘ವಿಂಬಿ’ ಎಂದು ಬರೆದಿತ್ತು. ಅದರಿಂದ ಗಂಜಿ ಕಾಯಿಸುತ್ತೇವೆ ಎಂದರು ಅಂಗಡಿಯಾತ. ಅನುಮಾನದಿಂದಲೇ ತಂದುಕೊಟ್ಟೆ. ತಾಯಿ ಚಿಟಿಕೆ ಹಿಟ್ಟನ್ನು ಬಾಯಿಗೆ ಹಾಕಿಕೊಂಡು, “ರಾಗಿಯೇ ಕಣೋ, ಬೀಸಿದ್ದು ಕೊಂಚ ತರಿ” ಎಂದು ತಾವೇ ಒಲೆಯ ಮುಂದೆ ನಿಂತರು.

ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ, ಸಾವಿರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂದಿತು ಎಂದು ನಾನು ಓದಿದ್ದು ಆಮೇಲೆ. ಪರದೇಶದಲ್ಲಿ ನಮ್ಮದನ್ನು ಹುಡುಕುತ್ತಿದ್ದೇನೆಂದು ತಿಳಿದಿದ್ದ ನಾನು ಅದರ ತವರಿನವರ ಅಂಗಡಿಗೇ ಹೋಗಿದ್ದೆ! ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದ ಕಾಯಿಗೆ ನಮ್ಮ ಹಿರಿಯರು ಪರಿಚಿತವಾದ ಮೆಣಸಿನ ಹೆಸರನ್ನೇ ಇಟ್ಟು ಮೆಣಸಿನಕಾಯಿ ಎಂದರು. ಅದೂ ಒಂದು ಬದಲಿಯೇ.

ಬದಲಿಯನ್ನು ಕುಂದೆಂದು ತಿಳಿಯದೆ, ಕಂಡದ್ದನ್ನೆಲ್ಲ ಬದಲಿಯೆಂದೂ ಬಗೆಯದೆ ನಡೆದ ವಿವೇಕ ಜಾಫ್ರಿಯವರದು. ಅದಕ್ಕಾಗಿ ಈ ಗ್ರಂಥ ಅಡಿಗೆ ಮಾಡದವರೂ ಓದತಕ್ಕದ್ದು. ಅದು ತೋರದ ದಾರಿಯೊಂದನ್ನು ಮಾತ್ರ ನಮ್ಮ ತಾಯಿಯ ನಾಲಗೆ ನನಗೆ ತೋರಿಸಿತು: ಹುಡುಕುವಾಗ ಹೆಸರನ್ನು ನೆಚ್ಚಬಾರದು.